ತಂತ್ರಾಂಶಕ್ಕೂ ಬೇಕು ಖುಷ್‌ಖತ್

(ಬೆಳಗಾವಿಯಲ್ಲಿ ಜರುಗಿದ ವಿದ್ಯಾರ್ಥಿ-ಪಾಲಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಉರ್ದು, ಕನ್ನಡ ಕಲಿಸುವ ಶಿಕ್ಷಕಿಯನ್ನು ತಂತ್ರಾಂಶದ ಬಗ್ಗೆ ಮಾತನಾಡಲು ಏಕೆ ಕರೆದರು ಎಂದು ಕೆಲವರು ಕೇಳಬಹುದು. ವಿದ್ಯಾರ್ಥಿವೇತನದ ಅರ್ಜಿಗಳನ್ನು ದಾಖಲಿಸಿಕೊಳ್ಳಲು ನಮ್ಮ ಹಳೆಯ ವಿದ್ಯಾರ್ಥಿಗಳು ಒಂದು ತಂತ್ರಾಂಶ ಕಟ್ಟಿದ್ದಾರೆ. ಅದರಲ್ಲಿ ಬರುವ ಕನ್ನಡ ಮತ್ತು ಉರ್ದು ಶಬ್ದಗಳು ಸರಿ ಇವೆಯೇ ಎಂದು ನೋಡುವುದು ನನ್ನ ಕೆಲಸ. ಶಬ್ದಗಳನ್ನು ತಿದ್ದುತ್ತ ತಿದ್ದುತ್ತ ಅವುಗಳ ಸುತ್ತಲಿನ ಕೋಡನ್ನೂ ಓದುವುದು ರೂಢಿಯಾಯಿತು. ನಾನು ಬಿ.ಇ. ಓದಿದವಳಲ್ಲ, ಬಿ.ಎಡ್. ಮಾಡಿದವಳು. ಆದ್ದರಿಂದ ಈ ಹೊತ್ತು ನಾನು ಹೇಳುವುದು ಪಾಲಕರಿಗೂ ತಿಳಿಯುವ ಹಾಗೆ ಇದ್ದೀತು ಎಂಬ ಧೈರ್ಯವಿದೆ.

ಈ ತಂತ್ರಾಂಶದ ಕೋಡನ್ನೆಲ್ಲ ಒಂದೇ ವಿನ್ಯಾಸಕ್ಕೆ ತರುವ ಸ್ವಯಂಚಾಲಿತ ಸಾಧನವೊಂದನ್ನು ಅಳವಡಿಸಬೇಕೆಂಬ ಮಾತು ನಮ್ಮ ಹುಡುಗರಲ್ಲಿ ನಡೆದಿದೆ. ಇದಕ್ಕೆ ‘ಫಾರ್ಮ್ಯಾಟರ್’ ಎನ್ನುತ್ತಾರೆ. ಕೆಲವರು ಬೇಕು ಅನ್ನುತ್ತಾರೆ, ಕೆಲವರು ಬೇಡ ಅನ್ನುತ್ತಾರೆ. ಬೇಡ ಅನ್ನುವವರ ಮಾತಿನಲ್ಲೂ ಹುರುಳಿದೆ. ಎರಡೂ ಕಡೆಯ ಮಾತನ್ನು ತಮ್ಮ ಮುಂದೆ ಇಡುತ್ತೇನೆ.

ಮೊದಲು ಇದು ಏನು ಮಾಡುತ್ತದೆ ನೋಡೋಣ. ಮಕ್ಕಳು ನಿಬಂಧ ಬರೆಯುತ್ತಾರೆ. ಒಬ್ಬನು ಅಲ್ಪವಿರಾಮದ ಮುಂದೆ ಜಾಗ ಬಿಡುತ್ತಾನೆ, ಇನ್ನೊಬ್ಬನು ಹಿಂದೆ ಬಿಡುತ್ತಾನೆ, ಮೂರನೆಯವನು ಬಿಡುವುದೇ ಇಲ್ಲ. ಒಬ್ಬಳು ಅಂಚು ಬಿಟ್ಟು ಬರೆಯುತ್ತಾಳೆ, ಮತ್ತೊಬ್ಬಳು ಹಾಳೆಯ ತುದಿಯಿಂದಲೇ ಹೊರಡುತ್ತಾಳೆ. ಯಾರ ವಾಕ್ಯದಲ್ಲೂ ತಪ್ಪಿಲ್ಲ, ಅರ್ಥವೂ ಕೆಟ್ಟಿಲ್ಲ. ಕೋಡಿನಲ್ಲಿಯೂ ಹೀಗೆಯೇ. ಎಲ್ಲಿ ಜಾಗ ಬಿಡಬೇಕು, ಸಾಲು ಎಲ್ಲಿ ಮುರಿಯಬೇಕು, ಆವರಣ ಚಿಹ್ನೆ ಎಲ್ಲಿ ಮುಚ್ಚಬೇಕು, ಉದ್ಧರಣ ಚಿಹ್ನೆ ಒಂಟಿಯೋ ಜೋಡಿಯೋ, ಇವು ಬರೆಯುವವರ ಕೈಯ ಅಭ್ಯಾಸ. ಫಾರ್ಮ್ಯಾಟರ್ ಈ ಅಭ್ಯಾಸಗಳನ್ನೆಲ್ಲ ಒಂದೇ ರೀತಿಗೆ ತರುತ್ತದೆ. ಅರ್ಥವನ್ನು ಮುಟ್ಟುವುದಿಲ್ಲ. ಉರ್ದುವಿನಲ್ಲಿ ನಾವು ‘ಖುಷ್‌ಖತ್’ ಎನ್ನುವ, ಕನ್ನಡದಲ್ಲಿ ‘ದುಂಡಾದ ಅಕ್ಷರ’ ಎನ್ನುವ ವಿದ್ಯೆಯೇ ಇದು. ಇಲ್ಲಿ ಮಾತ್ರ ತಖ್ತಿ ಹಿಡಿದು ತಿದ್ದುವುದು ಯಂತ್ರ.

1927ರಲ್ಲಿ ಚೆನ್ನೈಯಲ್ಲಿ ಆರಂಭವಾದ ‘ಮುಸಲ್ಮಾನ್’ ಉರ್ದು ದಿನಪತ್ರಿಕೆಯನ್ನು ಕಾತಿಬರು ದಶಕಗಳ ಕಾಲ ಕಲಂ ಹಿಡಿದು ಕೈಯಲ್ಲಿಯೇ ಬರೆದರು. ಒಂದೇ ಸಂಚಿಕೆಗೆ ಒಬ್ಬರಿಗಿಂತ ಹೆಚ್ಚು ಕಾತಿಬರ ಕೈ ಸೇರುತ್ತಿತ್ತು. ಓದುಗರಿಗೆ ಬೇಕಾದದ್ದು ಸುದ್ದಿ, ಯಾವ ಪುಟ ಯಾರ ಕೈಯದು ಎಂಬ ವಿಚಾರವಲ್ಲ. ಖಾನಾಪುರದವರಿಗೆ ಇನ್ನೂ ಹತ್ತಿರದ ಹೋಲಿಕೆ ಹೇಳಬೇಕೆಂದರೆ, ಹಂಚಿನದು ಹೇಳಬೇಕು. ಒಂದೇ ಅಚ್ಚಿನ ಹಂಚಾದರೆ ಯಾರು ಹೊದಿಸಿದರೂ ಒಂದರ ಮೇಲೊಂದು ಕೂಡ್ರುತ್ತದೆ. ಎರಡು ಅಚ್ಚಿನ ಹಂಚು ಬೆರೆತರೆ ಮಳೆಗಾಲದಲ್ಲಿ ಸೋರುವ ಜಾಗ ಹುಡುಕುವುದೇ ಕೆಲಸವಾಗುತ್ತದೆ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಗದ್ದಲ ಏಕೆ ಎನ್ನುವವರಿಗೆ ಒಂದು ನಿಜ ಸಂಗತಿ ಹೇಳುತ್ತೇನೆ. ನಮ್ಮ ತಂತ್ರಾಂಶದಲ್ಲಿ ‘ತಂದೆಯ ವಾರ್ಷಿಕ ಆದಾಯ’ ಎಂಬ ಕಾಲಮ್ಮು ತುಂಬದೆ ಅರ್ಜಿ ಮುಂದಕ್ಕೆ ಹೋಗುತ್ತಿರಲಿಲ್ಲ. ತಂದೆ ತೀರಿಕೊಂಡ ಮಗು ಏನು ತುಂಬಬೇಕು? ಸೊನ್ನೆ ಬರೆದರೂ ಒಪ್ಪುತ್ತಿರಲಿಲ್ಲ. ಖಾನಾಪುರ ಕಡೆಯ ಒಬ್ಬ ವಿದ್ಯಾರ್ಥಿನಿ ಇದನ್ನು ಗಮನಿಸಿ, ಪೋಷಕರ ಆದಾಯ ತುಂಬಿದರೆ ಸಾಕು ಎಂದು ಕೋಡು ತಿದ್ದಿ ಕಳಿಸಿದಳು. ಅದು ಅವಳು ಕಳಿಸಿದ ಮೊದಲನೆಯ ತಿದ್ದುಪಡಿ. ಅದರ ಮೇಲೆ ಹುಡುಗರು ಹದಿನಾಲ್ಕು ಟಿಪ್ಪಣಿ ಬರೆದರು. ಇಲ್ಲಿ ಜಾಗ ಹೆಚ್ಚಾಯಿತು, ಅಲ್ಲಿ ಜಾಗ ಕಡಿಮೆಯಾಯಿತು, ಈ ಸಾಲು ಉದ್ದವಾಯಿತು, ಟ್ಯಾಬ್ ಬಳಸಬಾರದು. ಪೋಷಕರ ಆದಾಯದ ಬಗ್ಗೆ ಒಂದು ಮಾತೂ ಇರಲಿಲ್ಲ. ಅರ್ಜಿಯ ಕೊನೆಯ ದಿನಾಂಕ ಹತ್ತಿರ ಬರುತ್ತಿತ್ತು.

ಆಕೆ ನನ್ನನ್ನು ಕೇಳಿದ್ದು ಇಷ್ಟೇ. “ಟೀಚರ್, ನಾ ಬರದಿದ್ದು ತಪ್ಪ ಐತೇನ್ರಿ?”

“ಇಲ್ಲವ್ವಾ, ನೀ ಬರದಿದ್ದನ್ನ ಇನ್ನೂ ಯಾರೂ ಓದೇ ಇಲ್ಲ” ಎಂದೆ.

ಹುಡುಗರು ಕೆಟ್ಟವರಲ್ಲ. ಜಾಗ ಹೆಚ್ಚು ಕಡಿಮೆ ಆದದ್ದು ಕಣ್ಣಿಗೆ ತಟ್ಟನೆ ಕಾಣುತ್ತದೆ. ಅರ್ಥ ಕಾಣಬೇಕಾದರೆ ಕುಳಿತು ಓದಬೇಕು. ನಿಬಂಧ ತಿದ್ದುವ ಶಿಕ್ಷಕರಿಗೆಲ್ಲ ಈ ಆಕರ್ಷಣೆ ಗೊತ್ತು. ಕಾಗುಣಿತಕ್ಕೆ ಕೆಂಪು ಗೆರೆ ಎಳೆಯುವುದು ಸುಲಭ, ಮಗು ಏನು ಹೇಳುತ್ತಿದೆ ಎಂದು ಕೇಳಿಸಿಕೊಳ್ಳುವುದು ಕಷ್ಟ. ಅಲ್ಲದೆ ಹಳಬರಿಗೆ ತಂಡದ ರೀತಿ ರೂಢಿಯಾಗಿರುತ್ತದೆ. ಎಲ್ಲಿಯೂ ಬರೆದಿಡದ ಆ ರೀತಿಗೆ ಎಡವುವವರು ಹೊಸಬರೇ, ಅದರಲ್ಲಿಯೂ ಕೇಳಲು ಸಂಕೋಚ ಪಡುವವರು. ಜಾಗದ ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸಿದರೆ ಹದಿನಾಲ್ಕು ಟಿಪ್ಪಣಿಗಳಿಗೆ ಅವಕಾಶವೇ ಇರುವುದಿಲ್ಲ. ಉಳಿಯುವುದು ಪೋಷಕರ ಆದಾಯದ ಪ್ರಶ್ನೆ ಮಾತ್ರ.

ಜಗತ್ತಿನಲ್ಲಿ ದೊಡ್ಡ ತಂಡಗಳು ಕಂಡುಕೊಂಡದ್ದೂ ಇದನ್ನೇ. 2009ರಲ್ಲಿ ಗೂಗಲ್ ಸಂಸ್ಥೆ ‘ಗೋ’ ಎಂಬ ಭಾಷೆಯನ್ನು ಹೊರತಂದಾಗ ಅದರ ಜೊತೆಯಲ್ಲಿಯೇ ‘ಗೋಎಫ್‌ಎಂಟಿ’ ಎಂಬ ಫಾರ್ಮ್ಯಾಟರ್ ಕೊಟ್ಟಿತು. ಭಾಷೆ ಹುಟ್ಟಿದ ದಿನದಿಂದಲೇ ಬರಹಕ್ಕೆ ಒಂದೇ ರೀತಿ. ಜಾವಾಸ್ಕ್ರಿಪ್ಟ್ ಬರೆಯುವವರಿಗೆ 2017ರಲ್ಲಿ ‘ಪ್ರೆಟಿಯರ್’ ಬಂತು. ಪೈಥಾನ್ ಭಾಷೆಗೆ 2018ರಲ್ಲಿ ವುಕಾಶ್ ಲಾಂಗಾ ಎಂಬವರು ‘ಬ್ಲ್ಯಾಕ್’ ಎಂಬುದನ್ನು ಹೊರತಂದರು. ಕಪ್ಪು ಬಣ್ಣವಾದರೆ ಯಾವ ಬಣ್ಣದ ಕಾರು ಬೇಕಾದರೂ ಸಿಗುತ್ತದೆ ಎಂದು ಹೆನ್ರಿ ಫೋರ್ಡ್ ಹೇಳಿದ ಎಂಬ ಹಳೆಯ ಮಾತಿನಿಂದ ಬಂದ ಹೆಸರು ಅದು. ಬೇರೆ ಆಯ್ಕೆ ಇಲ್ಲ ಎಂಬುದೇ ಅದರ ಗುಣ. ಒಂದು ಸಾಲಿಗೆ 88 ಅಕ್ಷರ ಎಂದು ಅದು ತಾನೇ ಮಿತಿ ಇಟ್ಟುಕೊಂಡಿದೆ. ಏಕೆ 80 ಅಲ್ಲ, ಏಕೆ 100 ಅಲ್ಲ ಎಂದು ವಾದ ಮಾಡಬಹುದು, ಆದರೆ ವಾದ ಬೇಡ ಎಂದೇ ತಾನೇ ಅದನ್ನು ತಂದದ್ದು? ನಮ್ಮ ತಂತ್ರಾಂಶವೂ ಪೈಥಾನ್ ಭಾಷೆಯದೇ ಆದ್ದರಿಂದ ಹುಡುಗರು ಇದನ್ನೇ ಆರಿಸಿದ್ದಾರೆ.

ಈಗ ಬೇಡ ಅನ್ನುವವರ ಮಾತಿಗೆ ಬರುತ್ತೇನೆ. ಹೊಸ ತಂತ್ರಾಂಶಕ್ಕೆ ಮೊದಲ ದಿನವೇ ಇದನ್ನು ಅಳವಡಿಸಿದರೆ ಯಾವ ತೊಡಕೂ ಇಲ್ಲ. ನಮ್ಮದು ಹಳೆಯದು. ಎಷ್ಟೋ ಜನರ ಕೈ ಅದರಲ್ಲಿದೆ. ಅವರಲ್ಲಿ ಕೆಲವರು ನೌಕರಿಗೆಂದು ಪುಣೆ, ಬೆಂಗಳೂರು, ಕೊಲ್ಲಿ ರಾಷ್ಟ್ರಗಳನ್ನು ಸೇರಿದ್ದಾರೆ. ತಂತ್ರಾಂಶದ ಪ್ರತಿಯೊಂದು ಬದಲಾವಣೆಯನ್ನೂ ‘ಗಿಟ್’ ಎಂಬ ದಾಖಲೆ ಪುಸ್ತಕ ಬರೆದಿಡುತ್ತದೆ. ಒಂದೊಂದು ನಮೂದಿಗೆ ‘ಕಮಿಟ್’ ಎಂದು ಹೆಸರು. ಯಾವುದೇ ಸಾಲಿನ ಮೇಲೆ ಬೆರಳಿಟ್ಟು, ಇದನ್ನು ಯಾರು, ಯಾವಾಗ, ಏನು ಕಾರಣ ಹೇಳಿ ಬರೆದರು ಎಂದು ಕೇಳಿದರೆ ಅದು ಹೇಳುತ್ತದೆ. ಈ ವಿಚಾರಣೆಗೆ ಅವರು ‘ಬ್ಲೇಮ್’, ಅಂದರೆ ‘ದೂರು’ ಎಂದು ಹೆಸರಿಟ್ಟಿದ್ದಾರೆ. ನನಗೆ ಆ ಹೆಸರು ಹಿಡಿಸುವುದಿಲ್ಲ. ನಾವು ಅದನ್ನು ಬಳಸುವುದು ಬಹುತೇಕ ಕೃತಜ್ಞತೆಗೆ ಅಥವಾ ಸಂದೇಹ ಪರಿಹಾರಕ್ಕೆ. ಇರಲಿ.

ಒಂದು ದಿನ ಫಾರ್ಮ್ಯಾಟರ್ ಓಡಿಸಿದೆವು ಎನ್ನಿ. ಸಾವಿರಾರು ಸಾಲುಗಳು ಒಮ್ಮೆಲೇ ಬದಲಾಗುತ್ತವೆ. ಬದಲಾದ ಪ್ರತಿ ಸಾಲಿನ ಎದುರಿಗೂ ಆ ದಿನ ಗುಂಡಿ ಒತ್ತಿದವನ ಹೆಸರು ಬೀಳುತ್ತದೆ. ವರ್ಷಗಳ ಹಿಂದೆ ರಾತ್ರಿ ಕುಳಿತು ಬರೆದವರ ಹೆಸರು ಹಿಂದೆ ಸರಿಯುತ್ತದೆ. ಅಳಿಸಿ ಹೋಗುವುದಿಲ್ಲ ನಿಜ, ಒಂದು ಹೆಜ್ಜೆ ಹಿಂದಕ್ಕೆ ಹೋಗಿ ಹುಡುಕಿದರೆ ಸಿಗುತ್ತದೆ, ಆದರೆ ಮೇಲುನೋಟಕ್ಕೆ ಕಾಣುವುದಿಲ್ಲ. ವಿರೋಧಿಸುವ ಹಳಬರ ನೋವು ಇದು. ಹೆಸರಿನ ಆಸೆ ಎಂದು ಅದನ್ನು ತಳ್ಳಿಹಾಕಬಾರದು. ಈ ನಿಯಮ ಏಕೆ ಬಂತು ಎಂದು ಕೇಳಲು ಯಾರಿಗೆ ಫೋನ್ ಮಾಡಬೇಕು ಎಂಬುದು ಆ ಹೆಸರಿನಿಂದಲೇ ತಿಳಿಯುವುದು.

ಇಲ್ಲಿರುವ ಹಿರಿಯರಿಗೆ ಹದೀಸ್ ವಿದ್ಯೆಯ ‘ಸನದ್’ ಗೊತ್ತು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಒಂದು ಮಾತು ಯಾರಿಂದ ಕೇಳಿ ಯಾರು ಹೇಳಿದರು ಎಂಬ ಹೆಸರುಗಳ ಸರಪಳಿ ಅದು. ಹೇಳಿದವರನ್ನು ‘ರಾವಿ’ ಎನ್ನುತ್ತೇವೆ. ಹದೀಸಿನ ಘನತೆಗೆ ಕಂಪ್ಯೂಟರಿನ ಕೋಡನ್ನು ನಾನು ಸರಿಗಟ್ಟುತ್ತಿಲ್ಲ, ವಿಧಾನದ ಮಾತು ಮಾತ್ರ ಹೇಳುತ್ತಿದ್ದೇನೆ. ಗ್ರಂಥವನ್ನು ಅಂದವಾಗಿ ನಕಲು ಮಾಡಿದ ಕಾತಿಬನಿಗೆ ಗೌರವವಿದೆ, ಅವನು ತನ್ನ ಹೆಸರನ್ನು ಹಸ್ತಪ್ರತಿಯ ಕೊನೆಯಲ್ಲಿ ಬರೆಯುತ್ತಾನೆ. ಸನದ್‌ನೊಳಗೆ ಸೇರಿಸುವುದಿಲ್ಲ. ಅವನು ರಾವಿ ಅಲ್ಲ. ಫಾರ್ಮ್ಯಾಟರ್ ಓಡಿಸಿದವನೂ ಕಾತಿಬನೇ.

ಈ ಭೇದವನ್ನು ಗಿಟ್‌ಗೆ ತಿಳಿಸಿ ಹೇಳುವ ಉಪಾಯ 2019ರ ಆಗಸ್ಟ್ ತಿಂಗಳಿನ 2.23ನೇ ಆವೃತ್ತಿಯಲ್ಲಿ ಬಂತು. ‘ಗಿಟ್ ಬ್ಲೇಮ್ ಇಗ್ನೋರ್ ರೆವ್ಸ್’ ಎಂಬ ಹೆಸರಿನ ಒಂದು ಚಿಕ್ಕ ಕಡತವಿಟ್ಟು, ಬರೀ ಅಂದಗೊಳಿಸಿದ ಕಮಿಟ್‌ನ ಗುರುತು ಸಂಖ್ಯೆಯನ್ನು ಅದರಲ್ಲಿ ಬರೆದರೆ ಸಾಕು. ವಿಚಾರಿಸುವಾಗ ಗಿಟ್ ಆ ಕಮಿಟನ್ನು ದಾಟಿ ಹಿಂದಿನ ನಿಜ ಲೇಖಕರ ಹೆಸರನ್ನು ತೋರಿಸುತ್ತದೆ. ಗಿಟ್‌ಹಬ್ ತಾಣ ಈ ಕಡತವನ್ನು ತಾನಾಗಿಯೇ ಓದುತ್ತದೆ. ನಮ್ಮ ನಮ್ಮ ಕಂಪ್ಯೂಟರಿನಲ್ಲಿ ಮಾತ್ರ ಒಮ್ಮೆ ಹೇಳಿಕೊಡಬೇಕು. ಒಂದು ಸಾಲು ಮುರಿದು ನಾಲ್ಕಾದಲ್ಲಿ ಗಿಟ್ ಅಂದಾಜು ಮಾಡಿ ಹೇಳುತ್ತದೆ, ಅಲ್ಲಿ ಅಷ್ಟಿಷ್ಟು ಏರುಪೇರಾಗಬಹುದು. ಆದರೂ ಹಳಬರ ದೂರಿನ ಬಹುಪಾಲು ಇದರಿಂದ ಪರಿಹಾರವಾಗುತ್ತದೆ.

ಇದನ್ನು ನಮಗಿಂತ ಎಷ್ಟೋ ಪಾಲು ದೊಡ್ಡವರು ಮಾಡಿ ತೋರಿಸಿದ್ದಾರೆ. ನಮ್ಮ ತಂತ್ರಾಂಶಕ್ಕೆ ತಳಪಾಯವಾದ ‘ಜ್ಯಾಂಗೋ’ ತಂಡದವರು ಬ್ಲ್ಯಾಕ್ ಬಳಸುವುದಾಗಿ 2019ರಲ್ಲಿಯೇ ತೀರ್ಮಾನಿಸಿದರು. ಆದರೆ ಅವಸರ ಮಾಡಲಿಲ್ಲ. ಬ್ಲ್ಯಾಕ್ ಆಗ ಇನ್ನೂ ಪ್ರಯೋಗದ ಹಂತದಲ್ಲಿತ್ತು. 2022ರ ಜನವರಿಯಲ್ಲಿ ಅದರ ಮೊದಲ ಸ್ಥಿರ ಆವೃತ್ತಿ ಹೊರಬಂದ ಮೇಲೆ, ಫೆಬ್ರುವರಿಯಲ್ಲಿ ತಮ್ಮ ಇಡೀ ಕೋಡನ್ನು ಅಂದಗೊಳಿಸಿದರು. ಎರಡೂವರೆ ವರ್ಷಕ್ಕೂ ಹೆಚ್ಚು ಕಾದರು ನೋಡಿ! ನಮ್ಮ ನೆರೆಯ ಮುಂಬೈಯ ಫ್ರಾಪೆ ಸಂಸ್ಥೆಯವರು ಲೆಕ್ಕಪತ್ರ, ದಾಸ್ತಾನು ನೋಡಿಕೊಳ್ಳುವ ‘ಇಆರ್‌ಪಿನೆಕ್ಸ್ಟ್’ ಎಂಬ ಮುಕ್ತ ತಂತ್ರಾಂಶವನ್ನು ಬೆಳೆಸಿದ್ದಾರೆ. ಅವರೂ 2022ರಲ್ಲಿ ಬ್ಲ್ಯಾಕ್ ಓಡಿಸಿ ಆ ಕಮಿಟನ್ನು ಇಂಥದೇ ಕಡತದಲ್ಲಿ ನಮೂದಿಸಿದರು. ಅವರದು ಮೊದಲಿನಿಂದಲೂ ಟ್ಯಾಬ್ ಬಳಸುವ ಪದ್ಧತಿ, ಬ್ಲ್ಯಾಕ್ ಟ್ಯಾಬನ್ನು ಒಪ್ಪದು. ಅದಕ್ಕಾಗಿ ಬ್ಲ್ಯಾಕ್‌ನದ್ದೇ ತಿದ್ದಿದ ಒಂದು ಪ್ರತಿಯನ್ನು ಬಳಸಿಕೊಂಡರು. ಹಳೆಯ ಮನೆಗೆ ಹೊಸ ಬಾಗಿಲು ಕೂಡಿಸುವಾಗ ಚೌಕಟ್ಟನ್ನು ನೋಡಿಯೇ ಕೂಡಿಸಬೇಕಲ್ಲವೇ?

ಇನ್ನು ಮಾಡುವ ರೀತಿ. ಅಂದಗೊಳಿಸುವ ಕಮಿಟ್‌ನಲ್ಲಿ ಬೇರೆ ಯಾವ ತಿದ್ದುಪಡಿಯೂ ಸೇರಬಾರದು, ಒಂದು ಅಕ್ಷರವೂ ಸಹ. ಸಾವಿರಾರು ಸಾಲುಗಳ ನಡುವೆ ಒಂದು ನಿಜವಾದ ಬದಲಾವಣೆ ಅಡಗಿದರೆ ಅದನ್ನು ಯಾರೂ ಕಾಣಲಾರರು. ಇದನ್ನು ಪರಿಶೀಲಿಸುವವರು ಸಾಲು ಸಾಲಾಗಿ ಓದಬೇಕಾಗಿಲ್ಲ. ತಮ್ಮ ಕಂಪ್ಯೂಟರಿನಲ್ಲಿ ಅದೇ ಸಾಧನ, ಅದೇ ಆವೃತ್ತಿ ಓಡಿಸಿ ಅದೇ ಫಲಿತಾಂಶ ಬಂದರೆ ಮುಗಿಯಿತು. ಆವೃತ್ತಿಯ ಮಾತು ಮುಖ್ಯ. ಬ್ಲ್ಯಾಕ್ ವರ್ಷಕ್ಕೊಮ್ಮೆ ತನ್ನ ರೀತಿಯನ್ನು ಸ್ವಲ್ಪ ಬದಲಿಸಬಹುದು. ಬೆಳಗಾವಿಯವನ ಬಳಿ ಒಂದು ಆವೃತ್ತಿ, ಖಾನಾಪುರದವಳ ಬಳಿ ಇನ್ನೊಂದು ಇದ್ದರೆ, ಅವನು ಮುರಿದ ಸಾಲನ್ನು ಅವಳ ಯಂತ್ರ ಕೂಡಿಸುತ್ತದೆ, ಅವಳು ಕೂಡಿಸಿದ್ದನ್ನು ಅವನ ಯಂತ್ರ ಮುರಿಯುತ್ತದೆ. ಜಗಳ ಮನುಷ್ಯರಿಂದ ಯಂತ್ರಗಳಿಗೆ ವರ್ಗವಾದಂತಾಗುತ್ತದೆ, ಅಷ್ಟೇ. ಎಲ್ಲರಿಗೂ ಒಂದೇ ಆವೃತ್ತಿ ಎಂದು ಬರೆದಿಡಬೇಕು. ಆಮೇಲೆ ಕಮಿಟ್ ಮಾಡುವ ಮುನ್ನ ತಾನಾಗಿಯೇ ಓಡುವಂತೆ ಒಂದು ಕೊಂಡಿ ಹಾಕಬೇಕು, ಕೋಡು ಬಂದು ಸೇರುವ ಬಾಗಿಲಿನಲ್ಲಿಯೂ ಒಂದು ತಪಾಸಣೆ ಇಡಬೇಕು. ಕೊಂಡಿ ಹಾಕಿಕೊಳ್ಳಲು ಮರೆತವರಿಗೆ ಬಾಗಿಲಿನಲ್ಲಿ ಯಂತ್ರವೇ ತಿಳಿಸುತ್ತದೆ. ಯಂತ್ರ ಹೇಳಿದರೆ ಯಾರಿಗೂ ಅವಮಾನವಾಗುವುದಿಲ್ಲ.

ಒಟ್ಟಿಗೆ ಬೇಡ, ಯಾವ ಕಡತವನ್ನು ಮುಟ್ಟುತ್ತೇವೋ ಅದನ್ನಷ್ಟೇ ಅಂದಗೊಳಿಸುತ್ತ ಹೋಗೋಣ ಎಂಬ ಸಲಹೆಯೂ ಬಂದಿದೆ. ನನಗೆ ಅದು ಒಪ್ಪಿಗೆಯಿಲ್ಲ. ಆಗ ಪ್ರತಿಯೊಂದು ತಿದ್ದುಪಡಿಯಲ್ಲಿಯೂ ಕಾಳು ಹೊಟ್ಟು ಬೆರೆತು ಬರುತ್ತದೆ, ಪ್ರತಿ ಸಲವೂ ಕೇರಬೇಕು.

ದಿನ ಯಾವುದು ಎಂಬುದು ಅಷ್ಟೇ ಮುಖ್ಯ. ಆ ದಿನದ ಮುಂಚೆ ಬರೆದು ಇನ್ನೂ ಸೇರಿಸದೆ ಉಳಿಸಿಕೊಂಡ ಕೆಲಸ ಯಾರ ಬಳಿ ಇದೆಯೋ ಅವರಿಗೆ ಕಷ್ಟ. ಅವರ ಹಳೆಯ ಸಾಲುಗಳಿಗೂ ಹೊಸ ಸಾಲುಗಳಿಗೂ ತಾಳೆಯಾಗದೆ ತಕರಾರು ಏಳುತ್ತದೆ. ಖಾನಾಪುರ ತಾಲ್ಲೂಕಿನ ಕಾಡಂಚಿನ ಊರುಗಳಲ್ಲಿ ಮಳೆ ಹಿಡಿಯಿತೆಂದರೆ ಕರೆಂಟು, ನೆಟ್‌ವರ್ಕು ಎರಡೂ ಹೋಗುವುದು ತಮಗೆಲ್ಲ ಗೊತ್ತು. ಕೆಲಸ ಮುಗಿಸಿಟ್ಟು ಕಳಿಸಲಾಗದೆ ಕುಳಿತಿರುವವರು ಅವರೇ. ನಗರದಲ್ಲಿ ಕುಳಿತವರು ಜುಲೈ ತಿಂಗಳಿನಲ್ಲಿ ದಿನ ಗೊತ್ತುಮಾಡಿದರೆ ಅದರ ಹೊಡೆತ ಆ ಮಕ್ಕಳ ಮೇಲೆ ಬೀಳುತ್ತದೆ. ಆದ್ದರಿಂದ ಬೇಸಿಗೆ ರಜೆಯಲ್ಲಿ, ಅರ್ಜಿಗಳ ಗಡಿಬಿಡಿ ಇಲ್ಲದಾಗ ಮಾಡಬೇಕೆಂದು ನನ್ನ ಆಗ್ರಹ. ಅಷ್ಟಾಗಿಯೂ ಯಾರದಾದರೂ ಉಳಿದರೆ ದಾರಿ ಇದೆ. ಅಂದಗೊಳಿಸುವುದಕ್ಕೆ ಹಿಂದಿನ ಕಮಿಟ್ ತನಕ ತಮ್ಮ ಕೆಲಸವನ್ನು ಹೊಂದಿಸಿಕೊಂಡು, ತಮ್ಮ ಪ್ರತಿಯ ಮೇಲೆ ಅದೇ ಸಾಧನ ಓಡಿಸಿ, ನಂತರ ಅಂದಗೊಳಿಸಿದ ಕಮಿಟನ್ನು ಕೂಡಿಸಿಕೊಳ್ಳುವಾಗ ತಮ್ಮ ಪ್ರತಿಯನ್ನೇ ಉಳಿಸಿಕೊಂಡರಾಯಿತು. ಎರಡೂ ಕಡೆ ಒಂದೇ ಕಾತಿಬನ ಕೈ ಆಡಿದ್ದರಿಂದ ತಕರಾರಿಗೆ ಕಾರಣ ಉಳಿಯುವುದಿಲ್ಲ.

ನನ್ನ ವಿಷಯಕ್ಕೆ ಬರುತ್ತೇನೆ. ನಮ್ಮ ಕನ್ನಡ, ಉರ್ದು ಶಬ್ದಗಳ ಗತಿ ಏನು ಎಂಬುದೇ ನನ್ನ ಮೊದಲ ಪ್ರಶ್ನೆಯಾಗಿತ್ತು. ಬ್ಲ್ಯಾಕ್ ಒಂದು ಎಚ್ಚರ ವಹಿಸುತ್ತದೆ. ಅಂದಗೊಳಿಸುವ ಮುಂಚಿನ ಕೋಡಿನ ಅರ್ಥರಚನೆ ಮತ್ತು ನಂತರದ ಅರ್ಥರಚನೆ ಎರಡನ್ನೂ ತಾಳೆ ನೋಡುತ್ತದೆ. ಹೊಂದದಿದ್ದರೆ ಕಡತವನ್ನು ಮುಟ್ಟದೆ ಬಿಡುತ್ತದೆ. ಪೈಥಾನ್‌ನಲ್ಲಿ ಸಾಲಿನ ಮುಂದಿನ ಖಾಲಿ ಜಾಗಕ್ಕೂ ಅರ್ಥವಿರುವುದರಿಂದ ಈ ತಾಳೆ ಬಹಳ ಅವಶ್ಯ. ಉದ್ಧರಣ ಚಿಹ್ನೆಯೊಳಗಿನ ನಮ್ಮ ಶಬ್ದಗಳು ಇದ್ದ ಹಾಗೆಯೇ ಉಳಿಯುತ್ತವೆ.

ಭಯ ಇರುವುದು ಬೇರೆ ಕಡೆ. ಅಂದಗೊಳಿಸುವ ಉತ್ಸಾಹದಲ್ಲಿ ಕೆಲವರು ತಾವೇ ಬರೆದ ಸಣ್ಣ ಸ್ಕ್ರಿಪ್ಟ್‌ಗಳಿಂದ ‘ಕಾಣದ ಕಸ’ ತೆಗೆಯಲು ಹೊರಡುತ್ತಾರೆ. ‘ಮೆಹಬೂಬ್‌ಸಾಬ್’ ಎಂದು ಬರೆಯುವಾಗ ‘ಬ್’ ಮತ್ತು ‘ಸಾ’ ನಡುವೆ ಕಣ್ಣಿಗೆ ಕಾಣದ ಒಂದು ಯುನಿಕೋಡ್ ಸಂಕೇತವಿದೆ. ಅದು ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುತ್ತದೆ. ಕಸವೆಂದು ಅದನ್ನು ತೆಗೆದರೆ ‘ಮೆಹಬೂಬ್ಸಾಬ್’ ಆಗುತ್ತದೆ. ಅರ್ಜಿಯಲ್ಲಿ ಒಂದು, ಗುರುತಿನ ಚೀಟಿಯಲ್ಲಿ ಇನ್ನೊಂದು ಹೆಸರಾದರೆ ಅಲೆದಾಡುವವರು ಪಾಲಕರು. ಅಂಥ ಸ್ಕ್ರಿಪ್ಟ್ ನಮಗೆ ಬೇಡ.

ಸಾಲಿನ ಅಳತೆಯಲ್ಲಿಯೂ ಒಂದು ವಿಚಿತ್ರವಿದೆ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ, ಯುನಿಕೋಡ್‌ನ ಲೆಕ್ಕದಲ್ಲಿ ಆರು ಸಂಕೇತ. ಕನ್ನಡ ಇರುವ ಸಾಲನ್ನು ಒಂದೊಂದು ಸಾಧನ ಒಂದೊಂದು ರೀತಿ ಅಳೆಯುತ್ತದೆ, ನಮಗೆ ಗಿಡ್ಡವಾಗಿ ಕಂಡದ್ದು ಅದಕ್ಕೆ ಉದ್ದವಾಗಿ ಕಂಡೀತು. ಉರ್ದು ಬಂದರೆ ಬಲದಿಂದ ಎಡಕ್ಕೆ ಓಡುವ ಲಿಪಿ, ಚಿಹ್ನೆಗಳು ಪರದೆಯ ಮೇಲೆ ಜಾಗ ಬಿಟ್ಟು ಜಿಗಿದಂತೆ ತೋರುತ್ತವೆ. ಇದಕ್ಕೆ ಸರಿಯಾದ ದಾರಿಯೆಂದರೆ ಎರಡೂ ಭಾಷೆಯ ವಾಕ್ಯಗಳನ್ನು ಕೋಡಿನಿಂದ ಹೊರತೆಗೆದು ಅನುವಾದದ ಪ್ರತ್ಯೇಕ ಕಡತಗಳಲ್ಲಿ ಇಡುವುದು. ಜ್ಯಾಂಗೋದಲ್ಲಿ ಅದಕ್ಕೆ ವ್ಯವಸ್ಥೆಯಿದೆ. ಆಗ ಹುಡುಗರ ಕೋಡಿಗೆ ನನ್ನ ತಿದ್ದುಪಡಿ ಅಡ್ಡ ಬರುವುದಿಲ್ಲ, ನನ್ನ ಶಬ್ದಕ್ಕೆ ಅವರ ಯಂತ್ರ ಅಡ್ಡ ಬರುವುದಿಲ್ಲ.

ಒಂದು ಕಡೆ ಮಾತ್ರ ನಾನು ಪಟ್ಟು ಹಿಡಿದು ವಿನಾಯಿತಿ ಕೇಳಿದ್ದೇನೆ. ಹೆಸರುಗಳನ್ನು ಕನ್ನಡದಿಂದ ಉರ್ದುವಿಗೆ ತರುವ ಒಂದು ಕೋಷ್ಟಕ ನಮ್ಮಲ್ಲಿದೆ. ಅದರಲ್ಲಿ ವರ್ಗೀಯ ವ್ಯಂಜನಗಳನ್ನು ಹಿಂದಿನವರು ಐದೈದರಂತೆ ಐದು ಸಾಲಿನಲ್ಲಿ, ನಾವು ಕಪ್ಪು ಹಲಗೆಯ ಮೇಲೆ ಬರೆಯುವ ಹಾಗೆಯೇ ಜೋಡಿಸಿದ್ದಾರೆ. ಒಂದು ಅಕ್ಷರ ತಪ್ಪಿದರೆ ಎದ್ದು ಕಾಣುತ್ತದೆ. ಯಂತ್ರಕ್ಕೆ ಕವರ್ಗ ಚವರ್ಗ ತಿಳಿಯದು, ಇಪ್ಪತ್ತೈದನ್ನೂ ಒಂದರ ಕೆಳಗೊಂದು ಇಳಿಸಿಬಿಡುತ್ತದೆ. ಇಂಥ ಕಡೆ ‘ಇಲ್ಲಿಂದ ಇಲ್ಲಿಯವರೆಗೆ ಮುಟ್ಟಬೇಡ’ ಎಂದು ಬ್ಲ್ಯಾಕ್‌ಗೆ ಹೇಳಲು ಎರಡು ಸಾಲಿನ ಗುರುತುಗಳಿವೆ. ಆ ಕೋಷ್ಟಕದ ಮೇಲೆ ಕೆಳಗೆ ಅವನ್ನು ಹಾಕಲು ಹುಡುಗರು ಒಪ್ಪಿದ್ದಾರೆ. ಹಾಗೆಂದು ಪ್ರತಿಯೊಬ್ಬರೂ ತಮಗೆ ಪ್ರಿಯವಾದ ಕಡೆಯಲ್ಲೆಲ್ಲ ಈ ಗುರುತು ಹಾಕತೊಡಗಿದರೆ ಫಾರ್ಮ್ಯಾಟರ್ ತಂದು ಉಪಯೋಗವಿಲ್ಲ.

ವಿದ್ಯಾರ್ಥಿಗಳೇ, ಈ ಸಾಧನ ಬಂದಿತೆಂದು ನಿಮ್ಮ ಕೋಡು ಒಳ್ಳೆಯದಾಯಿತೆಂದು ತಿಳಿಯಬೇಡಿ. ತಂದೆಯ ಆದಾಯ ಕಡ್ಡಾಯ ಎಂಬ ಆ ತಪ್ಪು ನಿಯಮವನ್ನು ಕೊಟ್ಟಿದ್ದರೆ ಬ್ಲ್ಯಾಕ್ ಅದನ್ನೂ ಬಹಳ ಅಂದವಾಗಿ ಜೋಡಿಸಿಕೊಡುತ್ತಿತ್ತು. ಹೆಸರು ಸರಿಯಾಗಿ ಇಟ್ಟಿದ್ದೀರಾ, ಲೆಕ್ಕ ಸರಿ ಇದೆಯಾ, ಯಾವ ಮಗುವಿನ ಅರ್ಜಿ ಹೊರಗುಳಿಯುತ್ತದೆ ಎಂದು ಅದು ಕೇಳುವುದಿಲ್ಲ. ಅದನ್ನು ನೀವು ಒಬ್ಬರನ್ನೊಬ್ಬರು ಕೇಳಬೇಕು. ಈಗ ಯಂತ್ರಗಳೇ ಕೋಡು ಬರೆದುಕೊಡುತ್ತವಲ್ಲ, ಇದೆಲ್ಲ ಏಕೆ ಎಂದು ಒಬ್ಬ ಪಾಲಕರು ಕೇಳಿದರು. ಬರೆದವರು ಯಾರೇ ಆಗಲಿ, ಬಾಗಿಲಿನ ತಪಾಸಣೆ ಒಂದೇ. ಓದಿ ಒಪ್ಪಬೇಕಾದವರೂ ನಾವೇ.

ಆ ವಿದ್ಯಾರ್ಥಿನಿಯ ತಿದ್ದುಪಡಿ ಕೊನೆಯ ದಿನಾಂಕದ ಒಳಗೇ ಸೇರಿತು ಎಂದು ತಿಳಿಸಲು ಸಂತೋಷವಾಗುತ್ತದೆ. ಬೇಸಿಗೆ ರಜೆಯಲ್ಲಿ ನಡೆಯುವ ಅಂದಗೊಳಿಸುವ ಕೆಲಸದ ಹೊಣೆಯನ್ನು ಆಕೆಗೂ ಬೆಳಗಾವಿಯ ಒಬ್ಬ ವಿದ್ಯಾರ್ಥಿಗೂ ಕೂಡಿಯೇ ವಹಿಸಲಾಗಿದೆ. ತಮ್ಮ ಬಳಿ ಸೇರಿಸದೆ ಉಳಿದ ಕೆಲಸವಿರುವವರು ಇವರಿಬ್ಬರಲ್ಲಿ ಯಾರಿಗಾದರೂ ಮುಂಚಿತವಾಗಿ ತಿಳಿಸಬೇಕೆಂದು ವಿನಂತಿ.